ಸಾಮಾನು ಮೊದಲು, ಗುಂಡಿ ಆಮೇಲೆ: ಗಿಟಾರಿಗೆ ನೆಕ್ ಕೂರಿಸುವ ಲೆಕ್ಕ

(ಈ ವಾರದ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡಿದ್ರೆ ಒಂದ್ ಸೆಕೆಂಡ್ ಇದನ್ನ ಕೇಳಿ.

(ಗಿಟಾರಿನ ದಪ್ಪ ತಂತಿ ಮೀಟಿದ ಸದ್ದು)

ಈಗ ಕೇಳಿದ್ದು ಹಲಸಿನ ಮರದ ಎಲೆಕ್ಟ್ರಿಕ್ ಗಿಟಾರ್. ಯಳಂದೂರಿನಲ್ಲಿ ನಮ್ಮಜ್ಜಿ ಮನೆ ಹಿತ್ತಲಲ್ಲಿ ಇದ್ದ ಮರ. ತಾತ ನೆಟ್ಟಿದ್ದು. ತಾತ ಹೋದ ಮೇಲೆ ಒಂದು ಮಳೆಗಾಲದ ಗಾಳಿಗೆ ಬಿತ್ತು. ಕೊಯ್ಯಿಸಿದ ಹಲಗೆಗಳೆಲ್ಲ ಬಾಗಿಲು, ಕಿಟಕಿಗೆ ಹೋಯ್ತು. ಒಂದೇ ಒಂದು ಹಲಗೆ ಆರು ವರ್ಷ ಅಟ್ಟದ ಮೇಲೆ ಒಣಗ್ತಾ ಬಿದ್ದಿತ್ತು. ಅದನ್ನ ನಾನು ಕೇಳಿ ಇಸ್ಕೊಂಡೆ. ಇನ್ನೊಂದು ಹಲಗೆ ಇಲ್ಲ, ಇನ್ನೊಂದು ಮರಾನೂ ಇಲ್ಲ. ಅಂಥಾ ಹಲಗೇನ ನಾನು ಹೆಚ್ಚುಕಮ್ಮಿ ಹಾಳು ಮಾಡಿದ್ದೆ. ಕಾರಣ ಒಂದು ನಕ್ಷೆಯಲ್ಲಿದ್ದ ಒಂದು ನಂಬರ್: 16 ಮಿಲಿಮೀಟರ್.

ಗಿಟಾರ್ ಯಾರಿಗೆ ಅಂದ್ರೆ, ಹನೂರಿನಲ್ಲಿರೋ ನಮ್ಮತ್ತೆ ಮಗನಿಗೆ. ಅವನು ತಂಬೂರಿ ಪದ ಹಾಡೋನು. ನಮ್ ಕಡೆಯವರಿಗೆ ಗೊತ್ತು, ನೀಲಗಾರರು ತಂಬೂರಿ, ಡಕ್ಕೆ, ಗಗ್ಗರ ಹಿಡಿದು ಮಂಟೇಸ್ವಾಮಿ ಪದ ಶುರು ಮಾಡಿದ್ರೆ ಬೆಳಗಿನ ಜಾವದವರೆಗೂ ಹೋಗುತ್ತೆ. ಆ ಪದದ ಹಿಂದೆ ಒಂದು ಗಿಟಾರ್ ಇರ್ಲಿ, ಜನವರಿಯ ಚಿಕ್ಕಲ್ಲೂರು ಜಾತ್ರೆ ಹೊತ್ತಿಗೆ ಬೇಕು ಅಂದ. ನಾನು ಬಿ.ಕಾಂ. ಓದಿದವನು, ಮರಗೆಲಸ ಬರಲ್ಲ. ಅದಕ್ಕೆ ಕೊಳ್ಳೇಗಾಲದಲ್ಲಿ ನಮ್ಮ ಬೀದಿಯ ಆಚಾರ್ರ ಹತ್ರ ಹೋದೆ. ಮಗ್ಗ ರಿಪೇರಿಯಿಂದ ಹಿಡಿದು ಬಾಗಿಲ ಚೌಕಟ್ಟಿನವರೆಗೂ ಮಾಡೋರು ಅವರು. ಗಿಟಾರ್ ಮಾತ್ರ ಮುಟ್ಟಿದವರಲ್ಲ.

ಸೋ, ಇವತ್ತಿನ ವಿಷಯ: ಎಲೆಕ್ಟ್ರಿಕ್ ಗಿಟಾರ್ ಮಾಡೋವಾಗ ನೆಕ್ಕಿಗೆ ಯಾವ ಸಾಮಾನು ತಗೋಬೇಕು, ಬಾಡಿಯಲ್ಲಿ ಗುಂಡಿ ಎಷ್ಟು ಅಗಲ, ಎಷ್ಟು ಆಳ ತೆಗೀಬೇಕು. ಪೆನ್ನು ಪೇಪರ್ ಇದ್ರೆ ಇಟ್ಕೊಳ್ಳಿ. ಕೂಡೋದು ಕಳೆಯೋದು ಬಂದ್ರೆ ಸಾಕು.

ಗುಂಡಿಯಲ್ಲಿ ಎರಡು ಜಾತಿ

ಎಲೆಕ್ಟ್ರಿಕ್ ಗಿಟಾರಿನ ಬಾಡಿ ಒಂದು ಗಟ್ಟಿ ಹಲಗೆ. ಅದರಲ್ಲಿ ಮುಖ್ಯವಾಗಿ ಮೂರು ಕಡೆ ಗುಂಡಿ ತೆಗೀತೀವಿ. ಒಂದು, ನೆಕ್ ಕೂರೋ ಜಾಗ, ಅಂದ್ರೆ ನೆಕ್ ಪಾಕೆಟ್. ಎರಡು, ತಂತಿ ಅಲುಗಾಡೋದನ್ನ ಕರೆಂಟ್ ಸಿಗ್ನಲ್ ಮಾಡೋ ಪಿಕಪ್ ಕೂರೋ ಜಾಗ. ಮೂರು, ವಾಲ್ಯೂಮ್, ಟೋನ್, ಸ್ವಿಚ್, ವೈರ್ ಎಲ್ಲ ಇರೋ ಕಂಟ್ರೋಲ್ ಗುಂಡಿ.

ಪಿಕಪ್ ಗುಂಡಿ, ಕಂಟ್ರೋಲ್ ಗುಂಡಿ ಎರಡೂ ಡಬ್ಬಿ ಥರ. ಒಳಗಿನ ಸಾಮಾನು ಹಿಡಿಸಿದ್ರೆ ಆಯ್ತು, ಒಂದು ಮಿಲಿ ಸಡಿಲ ಇದ್ರೂ ನಡೆಯುತ್ತೆ. ನೆಕ್ ಪಾಕೆಟ್ ಹಂಗಲ್ಲ, ಅದು ಭಾರ ಹೊರೋ ಜಾಗ. ಸಾಮಾನ್ಯ 10-46 ಸೆಟ್ಟಿನ ಆರು ತಂತಿ ಶ್ರುತಿ ಮಾಡಿದ್ಮೇಲೆ ಎಳೆಯೋದು ಸುಮಾರು 47 ಕೆ.ಜಿ. ಅಂದ್ರೆ 25 ಕೆ.ಜಿ. ಅಕ್ಕಿ ಮೂಟೆ ಎರಡಕ್ಕೆ ಸ್ವಲ್ಪ ಕಮ್ಮಿ. ಹಗಲೂ ರಾತ್ರಿ, ನೀವು ನುಡಿಸ್ಲಿ ಬಿಡ್ಲಿ, ಅಷ್ಟು ಎಳೆತ ನೆಕ್ ಮೇಲೆ ಇದ್ದೇ ಇರುತ್ತೆ.

ತಂಬೂರಿಗೆ ಈ ತಲೆನೋವು ಇಲ್ಲ. ಮೆಟ್ಟಿಲು ಇಲ್ಲದ ವಾದ್ಯ, ತಂತಿ ಒಂದು ಸಣ್ಣ ಎತ್ತರ ಹೆಚ್ಚುಕಮ್ಮಿ ಇದ್ರೂ ಶ್ರುತಿ ಶ್ರುತಿನೇ. ವೀಣೆಗೆ ಮೆಟ್ಟಿಲು ಇದೆ, ಆದ್ರೆ ಅದು ಮೇಣದ ಮೇಲೆ ಕೂತಿರುತ್ತೆ. ಮೇಣ ಕರಗಿಸಿ ಮತ್ತೆ ಸರಿಯಾಗಿ ಕೂರಿಸಬಹುದು. ಗಿಟಾರಿನ ಫ್ರೆಟ್ಟು ಮರಕ್ಕೆ ಹೊಡೆದು ಕೂರಿಸಿದ ತಂತಿ, ಅದನ್ನ ಆಮೇಲೆ ಸರಿಸೋ ಹಂಗಿಲ್ಲ. ಅದಕ್ಕೇ ನೆಕ್ಕು, ಬ್ರಿಡ್ಜು ಮೊದಲೇ ಸರಿಯಾದ ಜಾಗದಲ್ಲಿ, ಸರಿಯಾದ ಎತ್ತರದಲ್ಲಿ ಕೂರ್ಬೇಕು.

ನೆಕ್ ಕೊಳ್ಳೋವಾಗ ಏನೇನು ನೋಡ್ಬೇಕು

ಮೊದಲ ಗಿಟಾರಿಗೆ ನೆಕ್ ನೀವೇ ಮಾಡೋಕೆ ಹೋಗ್ಬೇಡಿ, ರೆಡಿಮೇಡ್ ತಗೊಳ್ಳಿ. ನೆಕ್ಕನ್ನ ಬೇರೆ ಮಾಡಿ ಸ್ಕ್ರೂ ಹಾಕಿ ಕೂರಿಸೋ ಪದ್ಧತೀನ ದೊಡ್ಡ ಮಟ್ಟದಲ್ಲಿ ತಂದಿದ್ದು ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್, 1950ರಲ್ಲಿ. ಆತ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಮನುಷ್ಯ. ನೆಕ್ ಕೆಟ್ರೆ ಬಿಚ್ಚಿ ಬೇರೆ ಹಾಕು ಅನ್ನೋದು ರಿಪೇರಿಯವರ ಬುದ್ಧಿ.

ನೆಕ್ ಒಳಗೆ ಒಂದು ಕಬ್ಬಿಣದ ಸರಳು ಇರುತ್ತೆ, ಟ್ರಸ್ ರಾಡ್ ಅಂತಾರೆ. ತಂತಿಯ ಎಳೆತಕ್ಕೆ ನೆಕ್ ಬಿಲ್ಲಿನ ಥರ ಬಾಗದಂತೆ ತಡೆಯೋದು ಅದರ ಕೆಲಸ. ಫೆಂಡರ್‌ನ ಮೊದಮೊದಲ ಎಸ್ಕ್ವೈರ್ ಗಿಟಾರುಗಳಲ್ಲಿ ಅದು ಇರಲಿಲ್ಲ. ನೆಕ್ ಬಾಗಿದ ಮೇಲೆ ಸೇರಿಸಿದ್ರು. ನೀವು ಕೊಳ್ಳೋವಾಗ ಎರಡೂ ಕಡೆ ತಿರುಗಿಸಬಹುದಾದ, ಡ್ಯುಯಲ್ ಆಕ್ಷನ್ ರಾಡ್ ಇರೋದು ನೋಡಿ. ತಿರುಗಿಸೋ ನಟ್ ತಲೆ ಕಡೆ ಇದ್ರೆ ಒಳ್ಳೇದು. ಹಿಮ್ಮಡಿ ಕಡೆ ಇದ್ರೆ ಪ್ರತಿ ಸಲ ನೆಕ್ ಬಿಚ್ಚಬೇಕಾಗ್ಬಹುದು.

ಶ್ರುತಿ ಬಿರಡೆಗಳ ತೂತು ನೋಡಿ. ಹಳೇ ಮಾದರಿಗೆ ಸುಮಾರು 8.7 ಮಿ.ಮೀ., ಈಗಿನ ಮುಚ್ಚಿದ ಬಿರಡೆಗಳಿಗೆ 10 ಮಿ.ಮೀ. 10ರ ತೂತಿಗೆ ಹಳೇದು ಹಾಕಿದ್ರೆ ಅಲ್ಲಾಡುತ್ತೆ. ಸ್ಕೇಲ್ ಎಷ್ಟು ಅಂತ ಕೇಳಿ. ಫೆಂಡರ್ ಮಾದರಿ 648 ಮಿ.ಮೀ., ಗಿಬ್ಸನ್ ಮಾದರಿ ಸುಮಾರು 628. ಬ್ರಿಡ್ಜ್ ಎಲ್ಲಿ ಬರುತ್ತೆ ಅನ್ನೋದು ಇದರ ಮೇಲೆ ನಿಂತಿದೆ.

ಇನ್ನೊಂದು ಮಾತು. ನೆಕ್ ಮೇಲಿನ ಕಪ್ಪು ಹಲಗೆ, ಅಂದ್ರೆ ಫ್ರೆಟ್ ಬೋರ್ಡು, ಎಷ್ಟೋ ಗಿಟಾರುಗಳಲ್ಲಿ 'ಇಂಡಿಯನ್ ರೋಸ್‌ವುಡ್'. ಅದು ಬೇರೇನಲ್ಲ, ನಮ್ಮ ಬೀಟೆ. ಮೈಸೂರು ವೀಣೆಗೆ ಬಳಸೋದೂ ಅದೇ. ಬಿಳಿಗಿರಿರಂಗನ ಬೆಟ್ಟ, ಮಹದೇಶ್ವರ ಬೆಟ್ಟ ಪಕ್ಕದಲ್ಲೇ ಇದೆ ಅಂತ ಯಾರಾದ್ರೂ 'ಬೀಟೆ ತುಂಡು ಕೊಡಿಸ್ತೀನಿ' ಅಂದ್ರೆ ಬೇಡ ಅನ್ನಿ. ಎರಡೂ ರಕ್ಷಿತ ಕಾಡು. ಬೀಟೆ ಕಡಿಯೋಕೂ ಸಾಗಿಸೋಕೂ ಅರಣ್ಯ ಇಲಾಖೆ ಅನುಮತಿ ಬೇಕು. ಅಟ್ಟದ ಮೇಲಿನ ಹಲಸು, ಹಳೇ ಬಾಗಿಲಿನ ತೇಗ, ಇವು ಬಾಡಿಗೆ ಧಾರಾಳ ಸಾಕು.

ಅಗಲ: ಅರ್ಧ ಮಿಲಿ ತಪ್ಪಾದ್ರೆ ಏನಾಗುತ್ತೆ?

ನಾನು ಪ್ರಿಂಟ್ ಹಾಕಿಸ್ಕೊಂಡು ಹೋದ ನಕ್ಷೆಯಲ್ಲಿ ನೆಕ್ ಪಾಕೆಟ್ 76 ಮಿ.ಮೀ. ಉದ್ದ, 56 ಮಿ.ಮೀ. ಅಗಲ, 16 ಮಿ.ಮೀ. ಆಳ ಅಂತ ಇತ್ತು. ಆಚಾರ್ರು ನಕ್ಷೆ ನೋಡಿ ಪಕ್ಕಕ್ಕಿಟ್ರು. "ಬಾಗ್ಲು ತರದೆ ಚೌಕಟ್ಟು ಹೊಡಿ ಅಂದ್ರೆ ಹೊಡೆದದ್ದಾ ಮಗ? ಆ ಕತ್ತು ತಕಂಡ್ ಬಾ" ಅಂದ್ರು.

ನೆಕ್ ತಂದುಕೊಟ್ಟೆ. ವರ್ನಿಯರ್ ಕ್ಯಾಲಿಪರ್ ಹಿಡಿದು ನೋಡಿದ್ರೆ ಅಗಲ 55.4 ಮಿ.ಮೀ. ನಕ್ಷೆಗೂ ಇದಕ್ಕೂ 0.6 ವ್ಯತ್ಯಾಸ. ಇಷ್ಟೇ ತಾನೇ ಅನ್ಸುತ್ತೆ. ಲೆಕ್ಕ ನೋಡಿ. ಪಾಕೆಟ್ ಉದ್ದ 76. ನೆಕ್ಕಿನ ತುದಿ, ಅಂದ್ರೆ ನಟ್ ಅನ್ನೋ ಬಿಳಿ ಪಟ್ಟಿ ಇರೋ ಜಾಗ, ಅಲ್ಲಿಂದ ಸುಮಾರು 470 ಮಿ.ಮೀ. ದೂರ, ಆರು ಪಟ್ಟಿಗೂ ಜಾಸ್ತಿ. ಪಾಕೆಟ್ ಒಳಗೆ 0.6 ಅಲ್ಲಾಡಿದ್ರೆ ತುದಿಯಲ್ಲಿ ಮೂರೂವರೆ ಮಿಲಿ ಪಕ್ಕಕ್ಕೆ ಹೋಗುತ್ತೆ. ಸಣ್ಣ ತಂತಿಗೂ ನೆಕ್ಕಿನ ಅಂಚಿಗೂ ಇರೋ ಜಾಗವೇ ಸುಮಾರು ಮೂರು ಮಿಲಿ. ಬೆರಳಿಟ್ರೆ ತಂತಿ ಜಾರಿ ಆಚೆ ಹೋಗುತ್ತೆ.

1970ರ ದಶಕದಲ್ಲಿ ಫೆಂಡರ್ ಕಂಪನಿ ಸ್ಟ್ರಾಟೋಕಾಸ್ಟರಿಗೆ ನಾಲ್ಕು ಸ್ಕ್ರೂ ಬದಲು ಮೂರು ಹಾಕ್ತು. ಆ ಕಾಲದ ಎಷ್ಟೋ ಗಿಟಾರುಗಳಲ್ಲಿ ನೆಕ್ ಪಕ್ಕಕ್ಕೆ ಸರಿಯುತ್ತೆ ಅನ್ನೋ ದೂರು ಇತ್ತು. ಬೈಗುಳ ಮೂರು ಸ್ಕ್ರೂಗೆ ಬಂತು. ಆದ್ರೆ ಅಸಲಿ ತಪ್ಪು ಹೆಚ್ಚಾಗಿ ಪಾಕೆಟ್ ಸಡಿಲ ಕೊರೆದಿದ್ದು. ಸ್ಕ್ರೂ ನೆಕ್ಕನ್ನ ಕೆಳಕ್ಕೆ ಒತ್ತಿ ಹಿಡಿಯುತ್ತೆ. ಪಕ್ಕಕ್ಕೆ ಸರಿಯದಂತೆ ನೋಡ್ಕೊಳ್ಳೋದು ಗುಂಡಿಯ ಗೋಡೆ.

ಹಾಗಾಗಿ ನಿಯಮ ಇಷ್ಟು. ನಿಮ್ಮ ಕೈಯಲ್ಲಿರೋ ನೆಕ್ಕಿನ ಸುತ್ತ ಎಂಡಿಎಫ್ ಪಟ್ಟಿ ಇಟ್ಟು ಟೆಂಪ್ಲೇಟ್ ಮಾಡಿ, ಅದರ ಗುಂಟ ರೌಟರ್ ಓಡಿಸಿ. ನೆಕ್ ಕೂರಿಸಿ ಬಾಡಿ ಎತ್ತಿದ್ರೆ ಸ್ಕ್ರೂ ಇಲ್ಲದೇ ಒಂದ್ ಕ್ಷಣ ನಿಂತುಕೊಳ್ಳೋ ಅಷ್ಟು ಬಿಗಿ ಸಾಕು. ಬಡಿದು ಕೂರಿಸೋ ಅಷ್ಟು ಬಿಗಿ ಬೇಡ, ಪಾಲಿಶ್ ಹಚ್ಚಿದ್ಮೇಲೆ ಗೋಡೆ ಸೀಳುತ್ತೆ.

ಆಳ: ಎರಡೂ ಕಡೆ ಟ್ಯಾಲಿ ಆಗ್ಬೇಕು

ಅಗಲದಲ್ಲಿ ಆಚಾರ್ರು ನನ್ನ ಉಳಿಸಿದ್ರು. ಆಳದಲ್ಲಿ ನಾನೇ ಹಾರಿ ಬಿದ್ದೆ. ಜಾತ್ರೆಗೆ ಮೂರು ವಾರ ಇತ್ತು. ಆರ್ಡರ್ ಮಾಡಿದ ಬ್ರಿಡ್ಜ್ ಇನ್ನೂ ಬಂದಿರಲಿಲ್ಲ. "ಆಳ 16 ಅಂತ ಎಲ್ಲಾ ಕಡೆ ಹೇಳ್ತಾರೆ, ಕೊರೀರಿ ಆಚಾರ್ರೇ" ಅಂದೆ. ಕೊರೆದ್ರು.

ನಾಲ್ಕು ದಿನ ಆದ್ಮೇಲೆ ಬ್ರಿಡ್ಜ್ ಬಂತು. ಅದು ಟ್ಯೂನ್-ಒ-ಮ್ಯಾಟಿಕ್ ಮಾದರಿ, ಎರಡು ಕಾಲಿನ ಮೇಲೆ ನಿಲ್ಲೋದು. ನಕ್ಷೆ ಇದ್ದಿದ್ದು ಬಾಡಿಗೆ ಅಂಟಿಕೊಂಡು ಕೂರೋ ಚಪ್ಪಟೆ ಬ್ರಿಡ್ಜಿಗೆ. ಈಗ ಲೆಕ್ಕ ಕೇಳಿ, ಬ್ಯಾಲೆನ್ಸ್ ಶೀಟ್ ಥರಾನೇ. ನೆಕ್ ಕಡೆ ಮೊತ್ತಕ್ಕೂ ಬ್ರಿಡ್ಜ್ ಕಡೆ ಮೊತ್ತಕ್ಕೂ ಟ್ಯಾಲಿ ಆಗ್ಬೇಕು.

ನೆಕ್ ಕಡೆ: ಹಿಮ್ಮಡಿ ದಪ್ಪ 25 ಮಿ.ಮೀ., ಫ್ರೆಟ್ ಬೋರ್ಡು ಸೇರಿ. ಪಾಕೆಟ್ ಒಳಗೆ 16 ಮುಳುಗಿತು. ಬಾಡಿ ಮೇಲೆ ಉಳಿದಿದ್ದು 9. ಫ್ರೆಟ್ ಎತ್ತರ 1 ಸೇರಿಸಿ, 10. ಇನ್ನು ತಂತಿ ಫ್ರೆಟ್ಟಿಗೆ ತಾಗದೆ ಮೇಲೆ ಇರ್ಬೇಕು. 12ನೇ ಫ್ರೆಟ್ ಹತ್ರ 2 ಮಿಲಿ ಎತ್ತರ ಬೇಕು ಅಂದ್ರೆ, ಅದೇ ಓರೆಯಲ್ಲಿ ಬ್ರಿಡ್ಜ್ ಹತ್ರ ಸುಮಾರು 3.5 ಆಗುತ್ತೆ. ಒಟ್ಟು 13.5.

ಬ್ರಿಡ್ಜ್ ಕಡೆ: ಪೂರ್ತಿ ಕೆಳಗೆ ಇಳಿಸಿದ್ರೂ ನನ್ನ ಬ್ರಿಡ್ಜಿನ ಎತ್ತರ 17.

ಬೇಕಾಗಿದ್ದು 13.5, ಇರೋದು 17. ವ್ಯತ್ಯಾಸ 3.5. 12ನೇ ಫ್ರೆಟ್ಟು ತಂತಿಯ ಸರಿಯಾಗಿ ಅರ್ಧದಲ್ಲಿ ಇರೋದ್ರಿಂದ ಅಲ್ಲಿ ಅದರ ಅರ್ಧ ಏರುತ್ತೆ. 2 ಇರಬೇಕಾದ ಎತ್ತರ ಮುಕ್ಕಾಲು ಪಾಲು 4ಕ್ಕೆ ಹೋಯ್ತು. ಬೆರಳು ತರಚುತ್ತೆ, ಒತ್ತಿದಾಗ ತಂತಿ ಜಾಸ್ತಿ ಎಳೆದು ಸ್ವರ ಮೇಲಕ್ಕೆ ಹೋಗುತ್ತೆ. ತಂಬೂರಿ ಶ್ರುತಿ ಪಕ್ಕದಲ್ಲಿ ಅಂಥಾ ಗಿಟಾರ್ ಇಟ್ರೆ ಹಾಡೋನಿಗೆ ಹಿಂಸೆ.

ತೆಗೆದ ಮರ ವಾಪಸ್ ಬರಲ್ಲ. ಅವತ್ತು ರಾತ್ರಿ ನಿಜವಾಗ್ಲೂ ನಿದ್ದೆ ಬರ್ಲಿಲ್ಲ. ದುಡ್ಡಿನ ವಿಷಯ ಅಲ್ಲ, ಅಜ್ಜಿಗೆ ಏನಂತ ಹೇಳೋದು?

ಸ್ಕ್ರೂ ಉದ್ದ: ಹೊರಗೆ ಇಟ್ಟು ನೋಡಿ

ಮಾರನೇ ದಿನ ಹೋದಾಗ ಇನ್ನೊಂದು ತಪ್ಪು ಸಿಕ್ತು. ನೆಕ್ ಪ್ಲೇಟ್ ಜೊತೆ ಬಂದಿದ್ದ ಸ್ಕ್ರೂಗಳು 45 ಮಿ.ಮೀ. ಉದ್ದ. ಸಾಮಾನ್ಯವಾಗಿ 44-45 ಮಿ.ಮೀ. ದಪ್ಪದ ಬಾಡಿಗೆ ಅದು ಸರಿ. ನಮ್ಮ ಹಲಗೆ ಎರಡೂ ಕಡೆ ಸಮ ಮಾಡೋ ಹೊತ್ತಿಗೆ 40ಕ್ಕೆ ಇಳಿದಿತ್ತು.

ಆಚಾರ್ರು ಸ್ಕ್ರೂನ ಬಾಡಿ ಪಕ್ಕದಲ್ಲಿ ಹೊರಗಡೆ ಇಟ್ಟು ಪೆನ್ಸಿಲ್ಲಲ್ಲಿ ಗುರುತು ಹಾಕಿದ್ರು. "ಒಳಕ್ಕೆ ಬುಟ್ಮೇಲೆ ಕಾಣಕಿಲ್ಲ ಕನಪ್ಪ. ಮೊದ್ಲು ಹೊರಗಿಟ್ಟು ನೋಡ್ಬೇಕು." ಪಾಕೆಟ್ ಕೆಳಗೆ ಉಳಿದ ಮರ 40 ಕಳೆ 16, ಅಂದ್ರೆ 24. ಪ್ಲೇಟ್ ದಪ್ಪ 1.5. ಒಟ್ಟು 25.5. ಸ್ಕ್ರೂ 45 ಇರೋದ್ರಿಂದ ನೆಕ್ ಒಳಗೆ ಹೋಗೋದು 19.5. ನೆಕ್ಕಿನ ಮೇಪಲ್ ಮರ ಇರೋದೇ 19, ಅದರ ಮೇಲೆ 6 ಮಿಲಿ ಫ್ರೆಟ್ ಬೋರ್ಡು. ಅಂದ್ರೆ ಸ್ಕ್ರೂ ತುದಿ ಫ್ರೆಟ್ ಬೋರ್ಡನ್ನ ಕೆಳಗಿಂದ ತಿವಿಯುತ್ತೆ. ಹೊಸ ನೆಕ್ ಸೀಳಿ ಹೋಗ್ತಿತ್ತು.

ಎರಡು ತಪ್ಪಿಗೂ ಅವರು ಒಂದೇ ಪರಿಹಾರ ಹೇಳಿದ್ರು. ಅದೇ ಹಲಗೆಯ ಉಳಿದ ಚೂರಿನಿಂದ 4 ಮಿ.ಮೀ. ದಪ್ಪದ ಪಟ್ಟಿ ಸೀಳಿ, ಪಾಕೆಟ್ ತಳಕ್ಕೆ ಪೂರ್ತಿ ಅಗಲ ಉದ್ದಕ್ಕೆ ಅಂಟಿಸಿದ್ರು. 16ರ ಆಳ 12 ಆಯ್ತು. ನೆಕ್ 4 ಮಿಲಿ ಎದ್ದಿತು. ಬ್ರಿಡ್ಜ್ ಹತ್ರ ಬೇಕಾದ ಎತ್ತರ 17.5 ಆಯ್ತು, ಬ್ರಿಡ್ಜಿಗೆ ಅರ್ಧ ಮಿಲಿ ಇಳಿಯೋಕೂ ಜಾಗ ಉಳೀತು. ಸ್ಕ್ರೂ ನೆಕ್ ಒಳಗೆ 15.5 ಮಾತ್ರ ಹೋಗುತ್ತೆ, ಫ್ರೆಟ್ ಬೋರ್ಡಿಗೆ ಮೂರೂವರೆ ಮಿಲಿ ದೂರ. ಎರಡೂ ಟ್ಯಾಲಿ. ಪಟ್ಟಿ ಪೂರ್ತಿ ತಳಕ್ಕೆ ಇರ್ಬೇಕು, ಒಂದು ತುದಿಗೆ ರಟ್ಟು ತುರುಕಿದ್ರೆ ಮಧ್ಯೆ ಟೊಳ್ಳು ಉಳಿಯುತ್ತೆ.

ತೂತಿನ ವಿಷಯ ಮರೀಬೇಡಿ. ಈ ಸ್ಕ್ರೂ ಸುಮಾರು 4.2 ಮಿ.ಮೀ. ದಪ್ಪ. ಬಾಡಿಯಲ್ಲಿ 4.5ರ ತೂತು, ಸ್ಕ್ರೂ ಅಲ್ಲಿ ಕಚ್ಚಬಾರದು, ಸಲೀಸಾಗಿ ಜಾರ್ಬೇಕು. ನೆಕ್ಕಲ್ಲಿ 3 ಅಥವಾ 3.2ರ ತೂತು, ಅಲ್ಲಿ ಕಚ್ಚಬೇಕು. ಎರಡೂ ಕಡೆ ಕಚ್ಚಿದ್ರೆ ಎಷ್ಟು ತಿರುಗಿಸಿದ್ರೂ ನೆಕ್ ತಳಕ್ಕೆ ಕೂರಲ್ಲ. ಸ್ಕ್ರೂ ತುದಿಗೆ ಸ್ವಲ್ಪ ಮೇಣ ಹಚ್ಚಿ. ಮೇಪಲ್ ಗಟ್ಟಿ ಮರ, ಒಣ ಸ್ಕ್ರೂ ತಲೆ ಮುರಿಯುತ್ತೆ.

ಪ್ಲೇಟಾ, ಬಿಡಿ ಬುಶ್ಶಾ ಅಂತ ಕೇಳ್ತೀರ. ಹಲಸು, ತೇಗದಂಥ ಮರಕ್ಕೆ ಎರಡೂ ಸರಿ. ಪ್ಲೇಟ್ ಒತ್ತಡವನ್ನ ಹರಡುತ್ತೆ, ಸ್ಕ್ರೂ ತಲೆ ಮರದೊಳಗೆ ಇಳಿಯಲ್ಲ. ಮೊದಲ ಸಲ ಮಾಡೋರಿಗೆ ನಾಲ್ಕು ಸ್ಕ್ರೂ ಪ್ಲೇಟ್ ಸಾಕು ಅಂತ ನನ್ನ ಅಭಿಪ್ರಾಯ.

ಬ್ರಿಡ್ಜ್ ಜಾಗ, ಉಳಿದ ಗುಂಡಿಗಳು

ನೆಕ್ ಕೂತ ಮೇಲೇ ಬ್ರಿಡ್ಜ್ ಜಾಗ ಗುರುತು ಮಾಡಿ. ನಟ್‌ನಿಂದ 12ನೇ ಫ್ರೆಟ್ಟಿಗೆ ಅಳೀರಿ, 648ರ ಸ್ಕೇಲಿಗೆ 324 ಬರುತ್ತೆ. ಅಷ್ಟೇ ದೂರ ಮುಂದಕ್ಕೆ ಬ್ರಿಡ್ಜ್. ಒತ್ತಿದಾಗ ತಂತಿ ಸ್ವಲ್ಪ ಬಿಗಿಯೋದ್ರಿಂದ ಸಣ್ಣ ತಂತಿ ಕಡೆ ಸುಮಾರು 2 ಮಿಲಿ, ದಪ್ಪ ತಂತಿ ಕಡೆ 4ರಿಂದ 5 ಮಿಲಿ ಹಿಂದಕ್ಕೆ ಇಡ್ತಾರೆ. ಎರಡು ಅಂಚಿನ ತಂತಿ ಜಾಗದಲ್ಲಿ ನೂಲು ಕಟ್ಟಿ ಎಳೆದು, ನೆಕ್ಕಿನ ಎರಡೂ ಅಂಚಿಂದ ಸಮ ದೂರ ಇದೆಯಾ ನೋಡಿ, ಆಮೇಲೆ ಡ್ರಿಲ್ ಹಿಡೀರಿ.

ಪಿಕಪ್ ಗುಂಡಿಗೆ ನಿಮ್ಮ ಪಿಕಪ್ ಅಳೆದು ಸುತ್ತ ಅರ್ಧದಿಂದ ಒಂದು ಮಿಲಿ ಜಾಸ್ತಿ ಬಿಡಿ. ಎರಡು ಸುರುಳಿಯ ಹಂಬಕರ್ ಆದ್ರೆ ಎರಡು ಪಕ್ಕದ ಕಾಲಿಗೆ ಇನ್ನೂ ಆಳ ಬೇಕು. ಕಂಟ್ರೋಲ್ ಗುಂಡಿಯಲ್ಲಿ ಮೇಲೆ ಉಳಿಯೋ ಮರದ ದಪ್ಪ ಮುಖ್ಯ. ವಾಲ್ಯೂಮ್ ಪಾಟಿನ ಮರೆ ಇರೋ ಕುತ್ತಿಗೆ ಸಾಮಾನ್ಯವಾಗಿ 9.5 ಮಿ.ಮೀ. ವಾಶರ್, ನಟ್ ಸೇರಿಸಿ ಹಿಡಿಯೋಕೆ ಮರ 5-6 ಮಿ.ಮೀ. ಮೀರಬಾರದು. ನಮ್ಮ 40ರ ಬಾಡಿಯಲ್ಲಿ 35 ಆಳ ತೆಗೆದ್ವಿ, 5 ಉಳೀತು. ದೊಡ್ಡ ಪಾಟ್ 24 ಮಿ.ಮೀ. ವ್ಯಾಸ, ಚಿಕ್ಕದು 16. ಸ್ವಿಚ್ ಆಳ ಕಂಪನಿಗೊಂದು ಥರ, ಕೈಗೆ ಬಂದ್ಮೇಲೆ ಅಳೀರಿ.

ಬ್ರಿಡ್ಜಿನ ಕಾಲು ಹೊಡೆಯೋ ಮುಂಚೆ ಕಂಟ್ರೋಲ್ ಗುಂಡಿಯಿಂದ ಆ ತೂತಿಗೆ 3 ಮಿಲಿಯ ಸಣ್ಣ ಸುರಂಗ ಕೊರೀರಿ, ಗ್ರೌಂಡ್ ವೈರಿಗೆ. ಅದಿಲ್ಲದಿದ್ರೆ ಗುಂಯ್ ಅಂತ ಕರೆಂಟ್ ಸದ್ದು ಬರುತ್ತೆ. ಆದ್ರೆ ಎಚ್ಚರ, ಇದರಿಂದ ತಂತಿಗಳು ಆಂಪ್ ಮೂಲಕ ಅರ್ಥಿಗೆ ಸೇರಿರುತ್ತವೆ. ಆಂಪ್ ಕೆಟ್ಟಿದ್ದು ಸಾಕೆಟ್ಟಲ್ಲಿ ಅರ್ಥ್ ಇಲ್ಲದಿದ್ರೆ ತಂತಿಯಲ್ಲೇ ಶಾಕ್ ಹೊಡೀಬಹುದು. ಜಾತ್ರೆ ಪೆಂಡಾಲು, ಜನರೇಟರ್ ಲೈನು ಅಂದ್ರೆ ಎಲೆಕ್ಟ್ರಿಷಿಯನ್‌ಗೆ ಅರ್ಥ್ ಇದೆಯಾ ಅಂತ ಕೇಳದೆ ಪ್ಲಗ್ ಹಾಕ್ಬೇಡಿ.

ಕೊನೆಗೆ ಏನಾಯ್ತು?

ಜಾತ್ರೆಗೆ ಗಿಟಾರ್ ಆಗ್ಲಿಲ್ಲ. ಅತ್ತೆ ಮಗ ಎಂದಿನಂತೆ ತಂಬೂರಿ ಹಿಡ್ಕೊಂಡು ಹೋದ, ಚೆನ್ನಾಗೇ ಹಾಡಿದ. ಗಿಟಾರ್ ಮುಗಿದಿದ್ದು ಫೆಬ್ರವರಿಯಲ್ಲಿ. ಯಳಂದೂರಿಗೆ ತಗೊಂಡು ಹೋಗಿ ಅಜ್ಜಿ ಮನೆ ಜಗಲಿ ಮೇಲೆ ತಂತಿ ಕಟ್ಟಿದ್ವಿ. 12ನೇ ಫ್ರೆಟ್ ಹತ್ರ ಅಳೆದೆ, 2 ಮಿಲಿ. ಅವನು ತಂಬೂರಿ ಶ್ರುತಿ ಕೊಟ್ಟ, ಗಿಟಾರ್ ಅದಕ್ಕೆ ಕೂಡಿಸಿದೆ. ಮೇಲಿನ ಫ್ರೆಟ್ಟಲ್ಲಿ ಒತ್ತಿದಾಗಲೂ ಸ್ವರ ಸರಿಯಾಗಿ ನಿಲ್ತು.

ಪಾಕೆಟ್ ಪಕ್ಕದಲ್ಲಿ ಬಗ್ಗಿ ನೋಡಿದ್ರೆ ಒಂದು ಸಣ್ಣ ಗೆರೆ ಕಾಣುತ್ತೆ, ಆ 4 ಮಿಲಿ ಪಟ್ಟಿಯದು. ಪಾಲಿಶ್ ಹಾಕಿ ಮುಚ್ಚಬಹುದಿತ್ತು. ಬೇಡ ಅಂದೆ. ಅಜ್ಜಿಗೆ ತಪ್ಪನ್ನೂ ತೋರಿಸಿ ಹೇಳಿದೆ. ಅಜ್ಜಿ ಹಲಗೆ ಸವರಿ ನೋಡಿ, "ಇಷ್ಟರಲ್ಲಿ ಎರಡು ಮಣೆ ಆಗದು ಕಣ್ಲಾ" ಅಂದ್ರು. ಆಮೇಲೆ ಪದ ಮುಗಿಯೋವರೆಗೂ ಎದ್ದು ಹೋಗ್ಲಿಲ್ಲ.

ನೀವು ಮಾಡೋದಾದ್ರೆ ಕ್ರಮ ಬರ್ಕೊಳ್ಳಿ. ನೆಕ್, ಬ್ರಿಡ್ಜ್, ಪಿಕಪ್, ಪಾಟ್, ಸ್ವಿಚ್, ಸ್ಕ್ರೂ ಎಲ್ಲಾ ಮೊದಲು ಮನೆಗೆ ಬರ್ಲಿ. ಒಂದೊಂದನ್ನೂ ಅಳೆದು ಪಟ್ಟಿ ಮಾಡಿ. ನೆಕ್ ಕಡೆ ಎತ್ತರ, ಬ್ರಿಡ್ಜ್ ಕಡೆ ಎತ್ತರ ಕೂಡಿ ಕಳೆದು ಆಳ ತೀರ್ಮಾನ ಮಾಡಿ. ಬೇಡದ ಮರದ ಚೂರಲ್ಲಿ ಒಂದು ಸಲ ಪಾಕೆಟ್ ಕೊರೆದು ನೋಡಿ. ಅದಾದ್ಮೇಲೇ ಒಳ್ಳೇ ಹಲಗೆ ಮುಟ್ಟಿ. ಇನ್ನೊಬ್ಬರ ನಕ್ಷೆ ಇನ್ನೊಬ್ಬರ ಸಾಮಾನಿಗೆ ಬರೆದಿದ್ದು, ನಿಮ್ಮ ಗಿಟಾರಿಗೆ ಅಲ್ಲ.

ನಿಮ್ಮ ನೆಕ್ಕಿನ ದಪ್ಪ, ಬ್ರಿಡ್ಜಿನ ಎತ್ತರ ವಾಯ್ಸ್ ನೋಟ್‌ನಲ್ಲಿ ಕಳಿಸಿದ್ರೆ ಮುಂದಿನ ಸಂಚಿಕೆಯಲ್ಲಿ ಕೂತು ಲೆಕ್ಕ ಹಾಕೋಣ. ಹೋಗೋ ಮುಂಚೆ ಜಗಲಿ ಮೇಲಿನ ಆ ಸಂಜೆಯ ಒಂದು ತುಣುಕು.

(ತಂಬೂರಿ, ಅದರ ಹಿಂದೆ ಗಿಟಾರ್)

ಸಿಗೋಣ. ನಮಸ್ಕಾರ.